ಐದು ಗ್ಯಾರೇಜು, ಐದು ಮಾತು, ಒಂದು ನೋಟ್‌ಬುಕ್

ನಮ್ಮ ಕಡೆ ರಸ್ತೆ ಬದಿಯಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಹತ್ತು ನಿಮಿಷದಲ್ಲಿ ನಾಲ್ಕು ಜನ ಸೇರುತ್ತಾರೆ. ನಾಲ್ಕು ಜನರಿಂದ ಐದು ಸಲಹೆ ಬರುತ್ತವೆ. ಬೈಕಿನವನು ಪ್ಲಗ್ ನೋಡು ಅಂತಾನೆ, ಟ್ರ್ಯಾಕ್ಟರಿನವನು ಡೀಸೆಲ್ ಏರ್ ಹಿಡಿದಿರಬೇಕು ಅಂತಾನೆ, ಅದು ಪೆಟ್ರೋಲ್ ಗಾಡಿ ಆಗಿದ್ದರೂ. ಈ ಸಲಹೆಗಳಿಗೆ ದುಡ್ಡಿಲ್ಲ, ಹಾಗಾಗಿ ನಷ್ಟವೂ ಇಲ್ಲ. ಆದರೆ ಗ್ಯಾರೇಜಿಗೆ ಹೋದ ಮೇಲೂ ಹೀಗೇ ಆದರೆ? ಒಬ್ಬ ಮೆಕ್ಯಾನಿಕ್ ಹೇಳಿದ್ದನ್ನು ಇನ್ನೊಬ್ಬ ಸುಳ್ಳು ಅಂದರೆ? ಪ್ರತಿ ಮಾತಿಗೂ ಒಂದು ಬಿಲ್ಲು ಬಂದರೆ?

ಈ ಬೇಸಿಗೆಯಲ್ಲಿ ನಮಗೆ ಆದದ್ದು ಇದು. ಹಳೇ ಗಾಡಿ ಇಟ್ಟುಕೊಂಡವರಿಗೆ ಉಪಯೋಗ ಆಗಬಹುದು ಎಂದು ಬರೆಯುತ್ತಿದ್ದೇವೆ.

ನಾವು ನಾಲ್ವರು ಒಟ್ಟಿಗೆ ಪತ್ರಿಕೋದ್ಯಮ ಓದಿದವರು. ಊರು ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ. ಹಳ್ಳಿ ಹಳ್ಳಿ ತಿರುಗಿ ವರದಿ ಮಾಡಲು ಬಸ್ಸು ನಂಬಿದರೆ ದಿನಕ್ಕೆ ಒಂದೇ ಊರು ಆಗುತ್ತದೆ. ಹಾಗಾಗಿ ಜನವರಿಯಲ್ಲಿ ಎಲ್ಲರೂ ಪಟ್ಟಿ ಹಾಕಿ 45,000 ರೂಪಾಯಿಗೆ ಒಂದು ಹಳೇ ವ್ಯಾನು ಕೊಂಡೆವು. ಯಾವ ಕಂಪನಿ ಅಂತ ಹೇಳಬೇಕಿಲ್ಲ. ಎಂಜಿನ್ ಮುಂದಿನ ಸೀಟಿನ ಕೆಳಗೇ, ಹಿಂದಿನ ಬಾಗಿಲು ಜಾರಿಸಿ ತೆಗೆಯುವುದು, ಕಾರ್ಬುರೇಟರ್ ಕಾಲದ್ದು. ಕೊಟ್ಟವರ ಹಿತ್ತಲಲ್ಲಿ ಹತ್ತು ತಿಂಗಳು ಓಡದೆ ನಿಂತಿತ್ತು. ಬ್ಯಾಟರಿ ಹಾಕಿಸಿ, ಗಾಲಿಗೆ ಗಾಳಿ ತುಂಬಿಸಿ ತಂದೆವು. ಎರಡು ತಿಂಗಳು ಒಂದು ಸಲವೂ ಕೈಕೊಡಲಿಲ್ಲ.

ಮಾರ್ಚಿನಲ್ಲಿ ನಮ್ಮ ಓಣಿಯ ಅಕ್ಕ ಒಬ್ಬರಿಗೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಗದಗಿನಲ್ಲಿ. ಬಡ ಕುಟುಂಬಗಳಿಗೆ ಜಿಲ್ಲಾ ಮಟ್ಟದಲ್ಲಿ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರ ಸರ್ಕಾರದ ಕಾರ್ಯಕ್ರಮ 2016ರಲ್ಲಿ ಬಂದಿದೆ. ಅದರಿಂದ ಎಷ್ಟೋ ಮನೆಗಳು ಉಳಿದಿವೆ. ಡಯಾಲಿಸಿಸ್ ಉಚಿತ, ಆದರೆ ಅಲ್ಲಿಗೆ ಹೋಗುವ 45 ಕಿಲೋಮೀಟರ್ ದಾರಿ ಉಚಿತವಲ್ಲ. ಬೆಳಗಿನ ಪಾಳಿಗೆ ಹೋಗಬೇಕೆಂದರೆ ಹೊತ್ತಿಗೆ ಬಸ್ಸಿಲ್ಲ. ನಾಲ್ಕು ತಾಸು ಮಷಿನಿಗೆ ಕೂತು ಎದ್ದವರಿಗೆ ಬಸ್ಸಿನಲ್ಲಿ ನಿಂತು ಬರುವ ಶಕ್ತಿಯೂ ಇರುವುದಿಲ್ಲ. ಬಾಡಿಗೆ ಗಾಡಿಗೆ ಹೋಗಿ ಬರಲು 1,200 ರೂಪಾಯಿ. ಅಕ್ಕನ ಗಂಡ ಗಾರೆ ಕೆಲಸದವರು. "ನಮ್ಮ ಗಾಡಿ ಐತಿ, ಅಕ್ಕಾ" ಅಂದೆವು.

ಮೂರನೆಯ ಸಲ ಹೋಗುವಾಗ ಗಾಡಿ ನಿಂತಿತು.

ಡಂಬಳ ದಾಟಿ ಸ್ವಲ್ಪ ಮುಂದೆ, ಎಡಕ್ಕೆ ಕಪ್ಪತಗುಡ್ಡ, ಅದರ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ಗಾಡಿ ಎರಡು ಸಲ ಜಗ್ಗಿದ ಹಾಗೆ ಮಾಡಿ ಸುಮ್ಮನಾಯಿತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಅರ್ಧ ತಾಸು ಅಕ್ಕ ಬೇವಿನ ಮರದ ಕೆಳಗೆ ಕೂತರು. ಆಮೇಲೆ ಸೆಲ್ಫ್ ಹೊಡೆದರೆ ಏನೂ ಆಗಿಲ್ಲದ ಹಾಗೆ ಹತ್ತಿಕೊಂಡಿತು.

ಅಂದಿನಿಂದ ಶುರು ನಮ್ಮ ಗ್ಯಾರೇಜ್ ಯಾತ್ರೆ.

ಮೊದಲನೆಯವರು ಅಂದರು: "ಕಾರ್ಬೇಟರ್‌ನಾಗ ಕಸ ಕುಂತೈತ್ರಿ. ಗಾಡಿ ಭಾಳ ದಿನ ನಿಂತಿತ್ತಲ್ಲ, ಟ್ಯಾಂಕಿನ ತುಕ್ಕು ಬರಾಕತ್ತೈತಿ." ಕಾರ್ಬುರೇಟರ್ ತೊಳೆದು, ಫಿಲ್ಟರ್ ಬದಲಿಸಿದರು. 900 ರೂಪಾಯಿ. ಎರಡು ದಿನ ಚೆನ್ನಾಗಿ ಓಡಿತು. ಗುರುವಾರ ನಿಂತಿತು.

ಎರಡನೆಯವರು ನಕ್ಕರು. "ಕಾರ್ಬೇಟರ್ ಮುಟ್ಟೋ ಜರೂರೇ ಇರಲಿಲ್ಲ. ಕಾಯ್ಲ್ ಕಾಯಾಕತ್ತೈತಿ. ಕಾದಿಂದ ಕರೆಂಟ್ ಬಿಡ್ತೈತಿ, ಆರಿದಿಂದ ಕೊಡ್ತೈತಿ. ಅದಕ್ಕ ಅರ್ಧ ತಾಸಿಗೆ ಚಾಲೂ ಆಗೋದು." ಕೇಳಲು ಸರಿ ಅನ್ನಿಸಿತು. ಹಳೇ ಕಾಯ್ಲ್ ಹೀಗೆ ಮಾಡುವುದು ನಿಜ ಕೂಡ. ಕಾಯ್ಲ್, ಪ್ಲಗ್ಗು, ಪ್ಲಗ್ ವೈರು ಎಲ್ಲ ಸೇರಿ 2,650. ಮತ್ತೆ ಎರಡು ದಿನ ಚೆನ್ನಾಗಿ ಓಡಿತು. ಸೋಮವಾರ ನಿಂತಿತು.

ಮೂರನೆಯವರು ವೇಪರ್ ಲಾಕ್ ಅಂದರು. ಬಿಸಿಲಿಗೆ, ಎಂಜಿನ್ ಕಾವಿಗೆ ಪೈಪಿನಲ್ಲೇ ಪೆಟ್ರೋಲ್ ಕುದಿದು ಹಬೆ ಆಗುತ್ತದೆ. ಪಂಪು ಹಬೆಯನ್ನು ಜಗ್ಗಲಾರದು. ಪಂಪ್ ಬದಲಿಸಿದರು, 1,400. "ಪೈಪಿಗೆ ಒದ್ದಿ ಬಟ್ಟಿ ಸುತ್ರಿ" ಎಂದೂ ಹೇಳಿದರು. ಬಟ್ಟೆ ಸುತ್ತಿದ ಮೊದಲ ದಿನ ಗಾಡಿ ನಿಲ್ಲಲಿಲ್ಲ. ಮುಂದಿನ ಸಲ ಬಟ್ಟೆ ಇದ್ದೂ ನಿಂತಿತು.

ನಾಲ್ಕನೆಯವರು ಪೆಟ್ರೋಲನ್ನೇ ಬೈದರು. ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್ ಬರುತ್ತಿದೆ, ಹಳೇ ರಬ್ಬರ್ ಪೈಪು ಅದಕ್ಕೆ ತಡೆಯುವುದಿಲ್ಲ, ಒಳಗೇ ಉಬ್ಬಿ ದಾರಿ ಮುಚ್ಚುತ್ತದೆ ಅಂದರು. ಹಳೇ ಗಾಡಿಯ ರಬ್ಬರಿಗೆ ಎಥನಾಲ್ ಒಗ್ಗುವುದಿಲ್ಲ ಎನ್ನುವುದರಲ್ಲಿ ಸತ್ಯ ಇದೆ. ಪೈಪು ಬದಲಿಸಿದ್ದಕ್ಕೆ 450. ಅಲ್ಲಿಗೆ ಒಟ್ಟು 5,400.

ಐದನೆಯವರು ಗಾಡಿ ಸುತ್ತ ಒಂದು ಸುತ್ತು ಹಾಕಿ, "ಎಂಜಿನ್ ಇಳಸಬೇಕು" ಅಂದರು. 28,000 ಆಗುತ್ತದೆ. "ಇಲ್ಲಂದ್ರ ಗುಜರಿಗೆ ಹಾಕ್ರಿ, ನಾನs ಗಿರಾಕಿ ಹುಡುಕ್ತೀನಿ."

ಇಷ್ಟರಲ್ಲಿ ಓಣಿಯಲ್ಲಿ ಆರನೆಯ ಸಲಹೆಯೊಂದು ಓಡಾಡುತ್ತಿತ್ತು. ಯಾರೂ ಮುಖಕ್ಕೆ ಹೇಳಲಿಲ್ಲ, ಆದರೆ ಎಲ್ಲರ ಕಿವಿಗೂ ಬಿತ್ತು. ಗಾಡಿ ಮೊದಲೆರಡು ತಿಂಗಳು ಚೆನ್ನಾಗಿತ್ತಲ್ಲ? ಅಕ್ಕ ಹತ್ತಲು ಶುರು ಮಾಡಿದ ಮೇಲೆ ತಾನೆ ಕೆಡುತ್ತಿರುವುದು? ಬೇರೆ ದಿನ ಓಡುತ್ತದೆ, ಸೋಮವಾರ ಗುರುವಾರ ನಿಲ್ಲುತ್ತದೆ. ಕಾಲ್ಗುಣ.

ಅಕ್ಕನ ಕಿವಿಗೂ ಬಿದ್ದಿತ್ತು. ಒಂದು ಗುರುವಾರ ಬೆಳಿಗ್ಗೆ ನಾವು ಗಾಡಿ ತಂದರೆ ಅವರು ಬಾಗಿಲು ತೆಗೆಯಲಿಲ್ಲ. "ಇವತ್ತು ಬ್ಯಾಡ ತಮ್ಮಾ, ಆರಾಮ ಅದೀನಿ" ಎಂದು ಒಳಗಿನಿಂದಲೇ ಅಂದರು. ಆರಾಮ ಇರಲಿಲ್ಲ. ಡಯಾಲಿಸಿಸ್ ತಪ್ಪಿಸಿದರೆ ಮೈಯಲ್ಲಿ ನೀರು ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಅದು ಹೃದಯಕ್ಕೇ ಕುತ್ತು. ಶನಿವಾರದ ಹೊತ್ತಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಸಾಲ ಮಾಡಿ ಬಾಡಿಗೆ ಗಾಡಿಯಲ್ಲಿ ಕರೆದುಕೊಂಡು ಹೋದರು. ಗಾಡಿ ರಿಪೇರಿ ಅನ್ನುವುದು ನಮಗೆ ಅಲ್ಲಿಂದ ಮುಂದೆ ಬರೀ ಖರ್ಚಿನ ಮಾತಾಗಿ ಉಳಿಯಲಿಲ್ಲ.

ನೋಟ್‌ಬುಕ್ಕಿನ ವಿಚಾರ ಬಂದದ್ದು ಅಕ್ಕನಿಂದಲೇ. ಡಯಾಲಿಸಿಸ್ ಮಾಡಿಸುವವರ ಕೈಯಲ್ಲಿ ಒಂದು ಪುಸ್ತಕ ಇರುತ್ತದೆ. ಮಷಿನಿಗೆ ಕೂರುವ ಮುಂಚೆ ತೂಕ ಎಷ್ಟು, ಎದ್ದ ಮೇಲೆ ಎಷ್ಟು, ಬಿಪಿ ಎಷ್ಟು, ಎಲ್ಲ ಬರೆಯುತ್ತಾರೆ. ದಿನಕ್ಕೆ ಎಷ್ಟು ಲೋಟ ನೀರು ಕುಡಿದೆ ಎಂದು ಅಕ್ಕ ಮನೆಯಲ್ಲೂ ಗೀಟು ಹಾಕಿ ಇಡುತ್ತಿದ್ದರು. ಅವರೇ ಕೇಳಿದರು: "ನನ್ನ ತೂಕ ಬರಕೊಳ್ಳದ ಡಾಕ್ಟರ್ ಮಷಿನ್ ಹಚ್ಚಂಗಿಲ್ಲ. ನಿಮ್ಮ ಗಾಡೀದು ಯಾರರ ಬರದಾರೇನು?"

ನೂರು ಪುಟದ ಒಂದು ನೋಟ್‌ಬುಕ್ ತಂದು ಸ್ಟೇರಿಂಗ್ ಪಕ್ಕ ದಾರ ಕಟ್ಟಿ ತೂಗು ಹಾಕಿದೆವು. ಹೊರಟ ಹೊತ್ತು, ಟ್ಯಾಂಕಿನ ಮುಳ್ಳು ಎಲ್ಲಿದೆ, ಎಷ್ಟು ಜನ, ಬಿಸಿಲೋ ತಂಪೋ, ಎಲ್ಲಿ ನಿಂತಿತು, ಎಷ್ಟು ಹೊತ್ತಿಗೆ ಹತ್ತಿತು, ದಾರಿಯಲ್ಲಿ ಏನೇನು ಮಾಡಿದೆವು. ಅಕ್ಕನನ್ನು ಕೂರಿಸಿಕೊಳ್ಳದೆ ಅದೇ ದಾರಿಯಲ್ಲಿ ಹೋಗಿ ಬಂದೆವು. ಒಟ್ಟು ಹನ್ನೊಂದು ಸಲ. ಆರು ಸಲ ನಿಂತಿತು, ಐದು ಸಲ ನಿಲ್ಲಲಿಲ್ಲ.

ಬರೆದದ್ದನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ ಎರಡು ಮಾತು ಕೂಡಲೇ ಬಿದ್ದು ಹೋದವು. ನಿಂತ ಆರರಲ್ಲಿ ಎರಡು ರಾತ್ರಿ ಎಂಟರ ಮೇಲೆ, ತಣ್ಣನೆ ಗಾಳಿಯಲ್ಲಿ. ಬರೀ ಬಿಸಿಲೇ ಕಾರಣ ಆಗಿರಲು ಸಾಧ್ಯವಿಲ್ಲ. ಮತ್ತೆ, ಆರು ಸಲವೂ ಅಕ್ಕ ಗಾಡಿಯಲ್ಲಿ ಇರಲೇ ಇಲ್ಲ.

ನೋಟ್‌ಬುಕ್ ಹಿಡಿದುಕೊಂಡು ನಾವು ಆರನೆಯ ಕಾರ್ ಗ್ಯಾರೇಜಿಗೆ ಹೋಗಲಿಲ್ಲ. ನಮ್ಮೂರಲ್ಲೇ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ಕಾಕಾ ಒಬ್ಬರು ಇದ್ದಾರೆ. ಡೀಸೆಲ್ ಎಂಜಿನ್ ಇಟ್ಟು ಹಳ್ಳದ ನೀರು ಎತ್ತುತ್ತಿದ್ದ ಕಾಲದಿಂದ ಮಾಡುತ್ತಾ ಬಂದವರು. ಗಾಡಿ ಮುಟ್ಟದೆ ಕಟ್ಟೆಯ ಮೇಲೆ ಕೂತರು. "ಓದ್ರಿ" ಅಂದರು.

ನಾವು ಓದಿದೆವು. ಅವರು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದರು: "ಅವತ್ತ ಟ್ಯಾಂಕಿನಾಗ ಎಣ್ಣಿ ಎಷ್ಟಿತ್ತು?"

ನಿಂತ ಆರು ಸಲ: ಮುಳ್ಳು ಮುಕ್ಕಾಲಿಗಿಂತ ಮೇಲೆ. ನಿಲ್ಲದ ಐದರಲ್ಲಿ ಮೂರು ಸಲ: ಅರ್ಧಕ್ಕಿಂತ ಕೆಳಗೆ. ಉಳಿದ ಎರಡು ಸಲ ದಾರಿಯ ಬಂಕಿನಲ್ಲಿ ನಿಲ್ಲಿಸಿ 300 ರೂಪಾಯಿ ಪೆಟ್ರೋಲ್ ಹಾಕಿಸಿದ್ದೆವು.

"ಎಣ್ಣಿ ಹಾಕಿಸಿದ್ದಕ್ಕ ಓಡಿಲ್ಲ. ಮುಚ್ಚಳ ತಗದದ್ದಕ್ಕ ಓಡೇತಿ" ಅಂದರು ಕಾಕಾ.

ಒಳಗಿನಿಂದ ಅಡುಗೆ ಎಣ್ಣೆಯ ಹೊಸ ಡಬ್ಬಿ ತರಿಸಿ ಒಂದು ಮೊಳೆ ಹೊಡೆದು ಬಗ್ಗಿಸಿ ತೋರಿಸಿದರು. ಎಣ್ಣೆ ನಾಲ್ಕು ಹನಿ ಬಂದು ನಿಂತಿತು. ಎದುರು ಮೂಲೆಗೆ ಇನ್ನೊಂದು ತೂತು ಹೊಡೆದರು. ಧಾರೆಯಾಗಿ ಬಂತು. ನಮ್ಮೆಲ್ಲರ ಮನೆಯಲ್ಲೂ ಅವ್ವಂದಿರು ಮಾಡುವುದು ಇದನ್ನೇ. ಎಣ್ಣೆ ಹೊರಗೆ ಬರಬೇಕಾದರೆ ಅದರ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು.

ಪೆಟ್ರೋಲ್ ಟ್ಯಾಂಕಿಗೂ ಹಾಗೆ ಗಾಳಿ ಹೋಗುವ ಒಂದು ಸಣ್ಣ ದಾರಿ ಇರುತ್ತದೆ. ಕೆಲವು ಗಾಡಿಗೆ ಮುಚ್ಚಳದಲ್ಲಿ, ಕೆಲವಕ್ಕೆ ಬೇರೆ ಪೈಪಿನಲ್ಲಿ. ಅದು ಮುಚ್ಚಿದರೆ ಪೆಟ್ರೋಲ್ ಖಾಲಿಯಾದಂತೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಇಳಿಯುತ್ತದೆ. ಪಂಪು ಒಂದು ಕಡೆ ಜಗ್ಗುತ್ತದೆ, ಟ್ಯಾಂಕು ಇನ್ನೊಂದು ಕಡೆ ಹಿಡಿದುಕೊಳ್ಳುತ್ತದೆ. ಟ್ಯಾಂಕು ತುಂಬಿದ್ದಾಗ ಒಳಗೆ ಗಾಳಿಗೆ ಜಾಗ ಕಡಿಮೆ, ಒಂದೆರಡು ಲೀಟರ್ ಖರ್ಚಾಗುವುದರಲ್ಲೇ ಒತ್ತಡ ಇಳಿದು ಗಾಡಿ ನಿಲ್ಲುತ್ತದೆ. ಟ್ಯಾಂಕು ಅರ್ಧ ಖಾಲಿ ಇದ್ದಾಗ ಒಳಗೆ ಬೇಕಾದಷ್ಟು ಗಾಳಿ ಇರುತ್ತದೆ, ಗದಗ ಮುಟ್ಟುವವರೆಗೆ ಏನೂ ಆಗುವುದಿಲ್ಲ. ನಿಂತ ಮೇಲೆ ಅರ್ಧ ತಾಸಿನಲ್ಲಿ ಸಂದಿಗೊಂದಿಯಿಂದ ಗಾಳಿ ನಿಧಾನಕ್ಕೆ ಸೋರಿ ಒಳಗೆ ಹೋಗುತ್ತದೆ, ಗಾಡಿ ಹತ್ತುತ್ತದೆ.

ಕಾಕಾ ಇದನ್ನೂ ನಂಬಿ ಅನ್ನಲಿಲ್ಲ. "ನೋಡೂಣು" ಅಂದರು. ಮರುದಿನ ಟ್ಯಾಂಕು ತುಂಬಿಸಿ ಅವರನ್ನು ಕೂರಿಸಿಕೊಂಡು ಹೊರಟೆವು. ಡಂಬಳದ ಹತ್ತಿರ ಗಾಡಿ ಜಗ್ಗಿತು, ನಿಂತಿತು. ಬೀಡಿ ಸೇದುತ್ತಾ ಬಂದ ಒಬ್ಬರನ್ನು ಕಾಕಾ ದೂರ ಕಳಿಸಿದರು. ಆಮೇಲೆ ಮುಚ್ಚಳ ಸಡಿಲ ಮಾಡಿದರು. ಸುಸ್ ಎಂದು ಗಾಳಿ ಒಳಗೆ ಎಳೆದ ಸದ್ದು ನಮ್ಮೆಲ್ಲರಿಗೂ ಕೇಳಿಸಿತು. ಮುಚ್ಚಳ ಹಾಕಿ ಐದಾರು ಸಲ ಸೆಲ್ಫ್ ಹೊಡೆದರೆ ಗಾಡಿ ಚಾಲೂ. ಅರ್ಧ ತಾಸಲ್ಲ, ಎರಡೇ ನಿಮಿಷ. ಎರಡು ದಿನ ಬಿಟ್ಟು ಇನ್ನೊಮ್ಮೆ ಮಾಡಿದೆವು, ಹಾಗೇ ಆಯಿತು.

ಗಾಡಿಯ ಕೆಳಗೆ ನುಗ್ಗಿ ಗಾಳಿ ಪೈಪಿನ ತುದಿ ಹುಡುಕಿದಾಗ ಅಲ್ಲಿ ಗಟ್ಟಿ ಮಣ್ಣು. ಕುಂಬಾರ ಹುಳದ ಗೂಡು. ಹತ್ತು ತಿಂಗಳು ಹಿತ್ತಲಲ್ಲಿ ನಿಂತಿದ್ದಾಗ ಪೈಪಿನ ಬಾಯಿ ಸಿಕ್ಕಿದೆ, ಮನೆ ಕಟ್ಟಿ ಮುಚ್ಚಿದೆ. ಒಡೆದರೆ ಒಳಗೆ ಮರಿಗೆಂದು ಇಟ್ಟ ಹುಳುಗಳು ಒಣಗಿ ಬಿದ್ದಿದ್ದವು. ಇದು ನಮ್ಮ ಹಿತ್ತಲಿನ ವಿಚಿತ್ರ ಮಾತ್ರ ಅಲ್ಲ. 2014ರಲ್ಲಿ ಅಮೆರಿಕದಲ್ಲಿ ಮಾಜ್ದಾ ಕಂಪನಿ ಸುಮಾರು 42,000 ಕಾರುಗಳನ್ನು ವಾಪಸ್ ಕರೆಸಿತು. ಪೆಟ್ರೋಲ್ ವಾಸನೆಗೆ ಬರುವ ಒಂದು ಜಾತಿಯ ಜೇಡ ಟ್ಯಾಂಕಿನ ಗಾಳಿ ಪೈಪಿನಲ್ಲಿ ಬಲೆ ಕಟ್ಟುತ್ತಿತ್ತು.

ಹೊಸ ಪೈಪಿಗೆ 60 ರೂಪಾಯಿ. ಕಾಕಾನಿಗೆ 300 ಕೊಡಲು ಹೋದರೆ, "ಏನೂ ಬದ್ಲಿ ಮಾಡಿಲ್ಲಲ್ಲ, ಯಾತರ ರೊಕ್ಕ?" ಅಂದರು.

ಆ ಮಾತಿನ ಬಗ್ಗೆ ನಾವು ಆಮೇಲೆ ತುಂಬಾ ಯೋಚಿಸಿದೆವು.

ಐದು ಗ್ಯಾರೇಜಿನವರು ಸುಳ್ಳು ಹೇಳಿದರೆ? ಹಾಗೆ ಅನ್ನಿಸುವುದಿಲ್ಲ. ಗ್ಯಾರೇಜಿನಲ್ಲಿ ಗಾಡಿ ಒಂದು ಸಲವೂ ನಿಂತಿರಲಿಲ್ಲ. ಯಾಕೆಂದರೆ ನಮ್ಮ ಕಡೆ ಯಾರೂ ಟ್ಯಾಂಕು ತುಂಬಿಸಿ ಗ್ಯಾರೇಜಿಗೆ ಗಾಡಿ ಬಿಡುವುದಿಲ್ಲ, ಪೆಟ್ರೋಲ್ ಹೋದೀತು ಎಂಬ ಅಂಜಿಕೆ. ಖಾಲಿ ಟ್ಯಾಂಕಿನ ಗಾಡಿಯನ್ನು ಅವರು ಎರಡು ಕಿಲೋಮೀಟರ್ ಓಡಿಸಿ ನೋಡುತ್ತಿದ್ದರು. ಓಡುತ್ತಿತ್ತು. ನಾವೂ ಊರ ಸುತ್ತ ಎರಡು ದಿನ ಓಡಿಸುತ್ತಿದ್ದೆವು. ಓಡುತ್ತಿತ್ತು. ಅಕ್ಕನನ್ನು ಕರೆದೊಯ್ಯುವ ದಿನ ಮಾತ್ರ, ದಾರಿಯಲ್ಲಿ ತೊಂದರೆ ಆಗದಿರಲಿ ಎಂದು ಹಿಂದಿನ ರಾತ್ರಿ ಟ್ಯಾಂಕು ತುಂಬಿಸುತ್ತಿದ್ದೆವು. ಜನವರಿ, ಫೆಬ್ರವರಿಯಲ್ಲಿ ಇನ್ನೂರು ಮುನ್ನೂರು ರೂಪಾಯಿಯ ಪೆಟ್ರೋಲಿನಲ್ಲೇ ತಿರುಗಿದ್ದು, ಹಾಗಾಗಿ ನಿಲ್ಲಲಿಲ್ಲ. ಕಾಲ್ಗುಣದ ಲೆಕ್ಕ ಇಷ್ಟೇ.

ವೇಪರ್ ಲಾಕ್ ಅಂದವರಿಗೆ ಹೋಗಿ ಇದನ್ನೆಲ್ಲ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒತ್ತಡ ಇಳದ್ರ ಪೆಟ್ರೋಲ್ ಲಗೂನ ಕುದೀತೈತಿ. ಅಂದ್ರ ನಂದು ಅರ್ಧ ಖರೇ" ಅಂದರು. ನಿಜವೇ. ಕಾಯ್ಲ್, ಕಸ, ರಬ್ಬರ್, ಇವೂ ಬೇರೆ ಎಷ್ಟೋ ಗಾಡಿಗಳಲ್ಲಿ ಇದೇ ತೊಂದರೆ ಮಾಡುತ್ತವೆ. ಪ್ರತಿಯೊಬ್ಬರೂ ತಾವು ಹಿಂದೆ ಕಂಡ ಗಾಡಿಯನ್ನು ನಮ್ಮ ಗಾಡಿಯಲ್ಲಿ ಕಂಡರು.

ಇನ್ನೊಂದು ಕಾರಣ ದುಡ್ಡಿನದು. ಗ್ಯಾರೇಜಿನಲ್ಲಿ ಸಾಮಾನಿಗೆ ದುಡ್ಡು ಕೊಡುತ್ತೇವೆ, ಬಿಚ್ಚಿ ಜೋಡಿಸಿದ ಕೂಲಿಗೆ ಕೊಡುತ್ತೇವೆ. ಅರ್ಧ ದಿನ ಕೂತು ಯೋಚಿಸಿ, "ಇದರಲ್ಲಿ ಬದಲಿಸುವಂಥದ್ದು ಏನೂ ಇಲ್ಲ" ಎಂದು ಹೇಳಿದವನಿಗೆ ಯಾರೂ ಏನೂ ಕೊಡುವುದಿಲ್ಲ. ಹಾಗಿರುವಾಗ ಏನಾದರೂ ಒಂದು ಬದಲಿಸದೆ ಅವನ ಮನೆ ನಡೆಯುವುದು ಹೇಗೆ? ಕಾಕಾನಿಗೆ 300 ರೂಪಾಯಿ ಕೈಯಲ್ಲಿ ಇಟ್ಟೇ ಬಂದೆವು. "ನೋಡಿದ್ದಕ್ಕ" ಅಂದೆವು.

ಈಗ ನಾವು ಗಾಡಿ ಗ್ಯಾರೇಜಿಗೆ ಒಯ್ಯುವಾಗ ಮಾಡುವುದು ಇಷ್ಟು:

1. ಏನು ಬದಲಿಸಬೇಕು ಎಂದು ಕೇಳುವುದಿಲ್ಲ. ಯಾವಾಗ, ಎಲ್ಲಿ, ಎಷ್ಟು ಹೊತ್ತಿಗೆ ಆಗುತ್ತದೆ ಎಂದು ಬರೆದದ್ದನ್ನು ಓದಿ ಹೇಳುತ್ತೇವೆ.

2. ತೊಂದರೆ ಕಾಣಿಸುವ ಸ್ಥಿತಿಯಲ್ಲೇ ಗಾಡಿ ತೋರಿಸುತ್ತೇವೆ. ಮೆಕ್ಯಾನಿಕ್ ಜೊತೆ ನಾವೂ ಕೂತು ಹೋಗುತ್ತೇವೆ. ಅದಕ್ಕೆ ಬೇರೆ ಕೂಲಿ ಕೊಡುತ್ತೇವೆ.

3. "ಇದೇ ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು?" ಎಂದು ಮರ್ಯಾದೆಯಿಂದ ಕೇಳುತ್ತೇವೆ. ಪರೀಕ್ಷೆ ಮಾಡಿ ನೋಡಿದವರು ಸಿಟ್ಟಾಗುವುದಿಲ್ಲ, ತೋರಿಸುತ್ತಾರೆ.

4. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

5. ತೆಗೆದ ಹಳೇ ಸಾಮಾನು ಕೇಳಿ ಇಸಿದುಕೊಳ್ಳುತ್ತೇವೆ. ನಮ್ಮ ಹಳೇ ಕಾಯ್ಲ್ ಚೆನ್ನಾಗಿಯೇ ಇದೆ, ಈಗ ಸೀಟಿನ ಕೆಳಗೆ ಹೆಚ್ಚುವರಿ ಸಾಮಾನಾಗಿ ಇಟ್ಟಿದ್ದೇವೆ.

6. ದೊಡ್ಡ ಖರ್ಚಿನ ಮಾತು ಬಂದರೆ ಒಂದು ವಾರ ತಡೆಯುತ್ತೇವೆ. ಬ್ರೇಕು, ಸ್ಟೇರಿಂಗ್, ಪೆಟ್ರೋಲ್ ಸೋರುವುದು, ಈ ಮೂರಕ್ಕೆ ಮಾತ್ರ ಒಂದು ದಿನವೂ ತಡೆಯುವುದಿಲ್ಲ.

ಹೊಸ ಗಾಡಿ ಇದ್ದವರು ನಮಗೆ ಸ್ಕ್ಯಾನರ್ ಇದೆ ಅನ್ನಬಹುದು. ಸ್ಕ್ಯಾನರ್ ಒಳ್ಳೆಯದು. ಆದರೆ ಅದು ತೊಂದರೆ ಯಾವ ಕಡೆ ಇದೆ ಎಂದು ಹೇಳುತ್ತದೆ, ಕೆಟ್ಟ ಸಾಮಾನು ಯಾವುದು ಎಂದು ಯಾವಾಗಲೂ ಹೇಳುವುದಿಲ್ಲ. ಪೆಟ್ರೋಲ್ ಸಾಲುತ್ತಿಲ್ಲ ಎಂದು ಅದು ತೋರಿಸಿದರೆ ಪಂಪು ಇರಬಹುದು, ಫಿಲ್ಟರ್ ಇರಬಹುದು, ಎಲ್ಲೋ ಗಾಳಿ ಸೋರುತ್ತಿರಬಹುದು. ಅಲ್ಲೂ ಯಾರೋ ಒಬ್ಬರು ಕೂತು ಯೋಚಿಸಲೇಬೇಕು.

ಗಾಡಿ ಸರಿಯಾದ ಸುದ್ದಿಯನ್ನು ಓಣಿಯಲ್ಲಿ ನಾವು ಬೇಕೆಂದೇ ಜೋರಾಗಿ ಹೇಳಿದೆವು. ಕುಂಬಾರ ಹುಳದ ಮಣ್ಣನ್ನು ಕಾಗದದಲ್ಲಿ ಕಟ್ಟಿ ತಂದು ಕಟ್ಟೆಯ ಮೇಲೆ ಎಲ್ಲರಿಗೂ ತೋರಿಸಿದೆವು. ಕಾಲ್ಗುಣ ಅಂದವರು ಯಾರೂ ಹಾಗೆ ಅಂದಿದ್ದೆವೆಂದು ಒಪ್ಪಲಿಲ್ಲ. ಅಕ್ಕ ಆ ಮಣ್ಣಿನ ಹೆಂಟೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇಷ್ಟ ಸಣ್ಣ ಮನಿ ಕಟ್ಟಾಕ ನನ್ನ ಹೆಸರು ಕೆಡಿಸಿತಲ್ಲೋ" ಎಂದು ನಕ್ಕರು. ಅವತ್ತು ಅವರ ಕಾಲು ಬಾತಿರಲಿಲ್ಲ.

ಈಗ ವಾರಕ್ಕೆ ಎರಡು ಬೆಳಗು ಐದೂವರೆಗೆ ಹೊರಡುತ್ತೇವೆ, ತುಂಬಿದ ಟ್ಯಾಂಕಿನಲ್ಲಿ. ಹೋಗುವಾಗ ಅಕ್ಕ ಎರಡು ಪುಸ್ತಕ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ, ಒಂದು ಅವರದು, ಒಂದು ಗಾಡಿಯದು. ಕಿಲೋಮೀಟರ್ ನಾವು ಹೇಳುತ್ತೇವೆ, ಅವರು ಬರೆಯುತ್ತಾರೆ.